ಜೆರುಸಲೇಮಿನ ಕಥೆ ಎಲ್ಲಿಂದ ಶುರು?

ಇವತ್ತು ಕ್ರುಸೇಡ್, ಅಂದರೆ ಜೆರುಸಲೇಮಿಗಾಗಿ ಯೂರೋಪಿನ ಕ್ರೈಸ್ತರು ಮುಸ್ಲಿಮರ ಮೇಲೆ ಸಾರಿದ ಯುದ್ಧ, ಎಂದರೆ ಸಾಕು, ವಾದ ಎರಡು ಪಾಳಯಗಳಾಗಿ ಒಡೆಯುತ್ತದೆ. ಆ ಕಾಲದವರ ಬರಹಗಳನ್ನು ಬಿಡಿಸಿದರೆ ಪಾಳಯಗಳು ಹೆಚ್ಚು, ಪ್ರತಿಯೊಂದೂ ಕಥೆ ಶುರುಮಾಡುವ ಜಾಗವೇ ಬೇರೆ.

ಪಶ್ಚಿಮ ಯೂರೋಪಿನ ಲ್ಯಾಟಿನ್ ಪಾದ್ರಿಗಳು ಕಥೆ ಶುರುಮಾಡುವುದು 1095ರ ನವೆಂಬರ್‌ನಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ದಂಡೆತ್ತಲು ಕರೆಕೊಟ್ಟ ಭಾಷಣದಿಂದ. ಉಳಿದಿರುವ ಆ ಭಾಷಣದ ವರದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಎಲ್ಲವನ್ನೂ ಬರೆದದ್ದು 1099ರ ಜುಲೈ 15ರಂದು ಜೆರುಸಲೇಂ ಕೈಸೇರಿದ ಮೇಲೆ. ಗೆದ್ದ ನಂತರ ನೆನಪಾಗುವ ಭಾಷಣ ಸೊಗಸಾಗಿಯೇ ಇರುತ್ತದೆ.

ಮೋಸುಲ್‌ನ ಇತಿಹಾಸಕಾರ ಇಬ್ನ್ ಅಲ್-ಅಥೀರ್ ಶುರುಮಾಡುವುದು 1085ರಲ್ಲಿ ಸ್ಪೇನಿನ ಟೊಲೆಡೊ ಮುಸ್ಲಿಮರ ಕೈತಪ್ಪಿದ್ದರಿಂದ. ನಂತರ ಸಿಸಿಲಿ, ಕೊನೆಗೆ ಸಿರಿಯಾ. ರೈನ್ ತೀರದ ಯೆಹೂದಿಗಳಿಗೆ ಎಲ್ಲವೂ 1096ರಲ್ಲೇ: ಕ್ರುಸೇಡಿಗರ ದಂಡು ಪೂರ್ವಕ್ಕೆ ಹೊರಡುವ ಮೊದಲೇ ವರ್ಮ್ಸ್, ಮೈನ್ಸ್‌ಗಳಲ್ಲಿ ಅವರ ಮನೆಗಳಿಗೆ ನುಗ್ಗಿತ್ತು.

ಪೂರ್ವದ ಕ್ರೈಸ್ತ ಸಾಮ್ರಾಜ್ಯ ಬೈಜಾಂಟಿಯಂನ ರಾಜಕುಮಾರಿ ಅನ್ನಾ ಕೊಮ್ನೆನೆ ಫ್ರಾಂಕರನ್ನು, ಅಂದರೆ ಪಶ್ಚಿಮದಿಂದ ಬಂದ ಕ್ರುಸೇಡಿಗರನ್ನು, ಕಂಡಾಗ ಹದಿಮೂರರ ಹುಡುಗಿ; ಬರೆದದ್ದು ಸುಮಾರು ಐವತ್ತು ವರ್ಷಗಳ ನಂತರ. ಪೋಪ್ ಇಟಲಿಯಲ್ಲಿ ನಡೆಸಿದ ಪಿಯಾಚೆಂಜಾ ಸಭೆಗೆ ಚಕ್ರವರ್ತಿಯಾಗಿದ್ದ ಅಪ್ಪನೇ ದೂತರನ್ನು ಕಳಿಸಿ ನೆರವು ಕೇಳಿದ್ದನ್ನು ಆಕೆ ಎತ್ತುವುದೇ ಇಲ್ಲ. ದಂಡಿನ ನಾಯಕ ಬೊಹೆಮಂಡ್‌ನನ್ನು ವಂಚಕನೆಂದು ಬೈಯುತ್ತಲೇ ಅವನ ಎತ್ತರ, ಭುಜ, ಕೂದಲನ್ನು ಸಾವಧಾನವಾಗಿ ಬಣ್ಣಿಸುತ್ತಾಳೆ.

ನನಗೆ ಎಲ್ಲರಿಗಿಂತ ಹತ್ತಿರದವನು ಸಿರಿಯಾದ ಶೈಜರ್ ಕೋಟೆಯ ಉಸಾಮಾ ಇಬ್ನ್ ಮುನ್ಕಿಧ್. ಹುಟ್ಟಿದ್ದು ಅದೇ 1095ರಲ್ಲಿ, ನೆನಪುಗಳನ್ನು ಹೇಳಿದ್ದು ಮುಪ್ಪಿನಲ್ಲಿ. ಕಾಲಿನ ಕೀವುಗುಳ್ಳೆಗೆ ಫ್ರಾಂಕ್ ವೈದ್ಯನೊಬ್ಬ ಕೊಡಲಿಯಿಂದ ಕಾಲನ್ನೇ ಕಡಿಸಿ ರೋಗಿಯನ್ನು ಸಾಯಿಸಿದ ಕಥೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಕುದುರೆ ಒದ್ದು ಹುಣ್ಣಾದ ಕಾಲನ್ನು ಇನ್ನೊಬ್ಬ ಫ್ರಾಂಕ್ ವೈದ್ಯ ಬರೀ ವಿನೆಗರ್‌ನಿಂದ ತೊಳೆದು ವಾಸಿಮಾಡಿದ್ದನ್ನೂ ಉಸಾಮಾ ಅಲ್ಲೇ ಹೇಳಿದ್ದಾನೆ; ಅದನ್ನು ಎತ್ತುವವರು ಕಡಿಮೆ. ಜೆರುಸಲೇಮಿನಲ್ಲಿ ಅವನು ನಮಾಜಿಗೆ ನಿಂತಾಗ ಹೊಸದಾಗಿ ಬಂದ ಫ್ರಾಂಕ್ ಒಬ್ಬ ಅವನ ಮುಖವನ್ನು ಪೂರ್ವಕ್ಕೆ ತಿರುಗಿಸಿದನಂತೆ. ಆ ಆಸಾಮಿಯನ್ನು ಎಳೆದೊಯ್ದು ಕ್ಷಮೆ ಕೇಳಿದವರು ಟೆಂಪ್ಲರ್ ಎಂಬ ಕ್ರೈಸ್ತ ಸನ್ಯಾಸಿ-ಯೋಧರು, ಉಸಾಮಾನ ಸ್ನೇಹಿತರು.

ಆಮೇಲಿನದು ಗೊತ್ತಿರುವುದೇ: 1187ರಲ್ಲಿ ಸುಲ್ತಾನ ಸಲಾದಿನ್ ಜೆರುಸಲೇಂ ಗೆದ್ದ, 1204ರಲ್ಲಿ ಕ್ರುಸೇಡಿಗರು ಬೈಜಾಂಟಿಯಂನ ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನೇ ದೋಚಿದರು, 1291ರಲ್ಲಿ ಅವರ ಕೈಯಲ್ಲಿದ್ದ ಬಂದರು ಏಕರ್ ಬಿತ್ತು.

ಇಂದಿಗೂ ಬಗೆಹರಿಯದ್ದು 1099ರಲ್ಲಿ ಜೆರುಸಲೇಂ ಕೈಸೇರಿದಾಗಿನ ಸಾವಿನ ಲೆಕ್ಕ. ದಂಡಿನ ಜೊತೆಗಿದ್ದು ಕಣ್ಣಾರೆ ಕಂಡ ಪಾದ್ರಿ ಆಗಿಲೇರ್‌ನ ರೇಮಂಡ್ ಸವಾರರ ಮೊಣಕಾಲಿನವರೆಗೆ ರಕ್ತ ಎಂದು ಬರೆದ; ಅದು ಬೈಬಲಿನ ಪ್ರಕಟನೆ ಗ್ರಂಥದ ಸಾಲೊಂದರ ನೆರಳು. ನೂರಕ್ಕೂ ಹೆಚ್ಚು ವರ್ಷಗಳ ನಂತರ ಇಬ್ನ್ ಅಲ್-ಅಥೀರ್ ಎಪ್ಪತ್ತು ಸಾವಿರಕ್ಕೂ ಹೆಚ್ಚು ಎಂದ. ಘಟನೆಗೆ ಕೆಲವೇ ವರ್ಷ ಮೊದಲು ಅದೇ ಊರಲ್ಲಿ ಓದಿದ್ದ ಸೆವಿಲ್‌ನ ಇಬ್ನ್ ಅಲ್-ಅರಬಿ ಕೊಟ್ಟ ಲೆಕ್ಕ ಮೂರು ಸಾವಿರ. ವಾದಕ್ಕಿಳಿದವರಿಗೆ ಮೂರು ಸಾವಿರ ರುಚಿಸುವುದಿಲ್ಲ. ಕೈರೋದ ಸಿನಗಾಗ್ ಒಂದರ ಹಳೆಯ ಕಾಗದಗಳಲ್ಲಿ, ಅಷ್ಕೆಲಾನ್‌ನ ಯೆಹೂದಿ ಹಿರಿಯರು 1100ರ ಹೊತ್ತಿಗೆ ಬರೆದ ಪತ್ರವೊಂದು ಸಿಕ್ಕಿದೆ. ಜೆರುಸಲೇಮಿನಲ್ಲಿ ಸೆರೆಸಿಕ್ಕವರನ್ನೂ ಧರ್ಮಗ್ರಂಥಗಳನ್ನೂ ಸಾಲ ಮಾಡಿ ಬಿಡಿಸಿಕೊಂಡಿದ್ದೇವೆ, ಇನ್ನೂ ಕೆಲವರು ಫ್ರಾಂಕರ ಕೈಯಲ್ಲಿದ್ದಾರೆ, ಬೇಗ ಹಣ ಕಳಿಸಿ ಎಂದು ಅದರಲ್ಲಿದೆ.