ಕೋಟೆಯಿಂದ ಮೆಟ್ಟಿಲವರೆಗೆ: ಅಂಬೇಡ್ಕರ್ ವೀದಿಯ ಹಿನ್ನೆಲೆ

ಬೆಂಗಳೂರಿನ ಅಂಬೇಡ್ಕರ್ ವೀದಿಯ ಒಂದು ಬದಿಗೆ ವಿಧಾನಸೌಧ, ಎದುರು ಬದಿಗೆ ಹೈಕೋರ್ಟ್. ಕಾನೂನು ಮಾಡುವವರೂ ಅದನ್ನು ಅಳೆದು ನೋಡುವವರೂ ಎದುರುಬದುರು ಮನೆಯವರು. ದೆಹಲಿಯಂತೆ ಇಲ್ಲಿ ಯಾರೂ ಒಂದೇ ಸಲ ನಕ್ಷೆ ಹಾಕಿ ಕಟ್ಟಿಸಲಿಲ್ಲ. ಜಾಗ ಸಾಲದಾದಾಗಲೆಲ್ಲ ಸರ್ಕಾರ ಪಕ್ಕಕ್ಕೆ ಸರಿಯುತ್ತಾ ಬಂತು, ಅಷ್ಟೇ.

1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತ ಕಿತ್ತುಕೊಂಡಾಗ ಕಚೇರಿಗಳು ಮೈಸೂರಿನಿಂದ ಬೆಂಗಳೂರಿಗೆ ಬಂದವು. ಬಂದು ಕೂತದ್ದು ಕೋಟೆಯೊಳಗೆ, ಟಿಪ್ಪುವಿನ ಮರದ ಅರಮನೆಯಲ್ಲಿ. ಕಮಿಷನರ್ ಮಾರ್ಕ್ ಕಬ್ಬನ್ ತನಗೆಂದು ಕಟ್ಟಿಸಿಕೊಂಡ ಬಂಗಲೆಯೇ ಇಂದಿನ ರಾಜಭವನ. ಅವನ ನಂತರ ಬಂದ ಬೌರಿಂಗ್ ಕಾಲದಲ್ಲಿ, 1864ರಿಂದ 1868ರ ನಡುವೆ, ಕೆಂಪು ಬಣ್ಣದ ಹೊಸ ಕಟ್ಟಡ ಎದ್ದಿತು. 18 ಇಲಾಖೆಗಳಿದ್ದ ಕಾರಣ ಜನ ಅದನ್ನು ಅಠಾರಾ ಕಚೇರಿ ಎಂದರು. 1881ರಲ್ಲಿ ಅಧಿಕಾರ ಒಡೆಯರಿಗೆ ಮರಳಿತು. ಸಿಂಹಾಸನ, ದಸರಾ ಮೈಸೂರಿನಲ್ಲೇ ಉಳಿದವು, ಕಡತಗಳು ಮಾತ್ರ ಬೆಂಗಳೂರು ಬಿಡಲಿಲ್ಲ. ಈ ಊರು ರಾಜಧಾನಿಯಾದದ್ದು ಹೀಗೆ ಕಡತದ ಬಲದಿಂದಲೇ ಎನ್ನಬೇಕು.

ಚುನಾಯಿತ ವಿಧಾನಸಭೆ 1952ರ ಜೂನ್ 18ರಂದು ಮೊದಲ ಸಲ ಸೇರಿದ್ದೂ ಅಠಾರಾ ಕಚೇರಿಯಲ್ಲೇ. ಅಷ್ಟರಲ್ಲಿ ಎದುರಿನ ಜಾಗದಲ್ಲಿ ವಿಧಾನಸೌಧದ ಅಡಿಗಲ್ಲು ಬಿದ್ದಾಗಿತ್ತು. 1951ರ ಜುಲೈ 13ರಂದು ನೆಹರೂ ಅದನ್ನು ಇಟ್ಟಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗ ಮನಸ್ಸಿನಲ್ಲಿದ್ದದ್ದು ಸಾಧಾರಣ ಕಟ್ಟಡ. ಮರುವರ್ಷ ಬಂದ ಕೆಂಗಲ್ ಹನುಮಂತಯ್ಯ ಆ ಯೋಜನೆಯನ್ನೇ ಬದಲಿಸಿ, ನಾಡಿನ ದೇವಾಲಯ ಶೈಲಿಯ ಕಲ್ಲಿನ ಸೌಧ ಬೇಕೆಂದು ಹಟ ಹಿಡಿದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದಕ್ಕೆ ರೂಪ ಕೊಟ್ಟರು.

ಉದ್ದ 700 ಅಡಿ, ಅಗಲ 350 ಅಡಿ. ಪೂರ್ವದ ಮುಖಮಂಟಪಕ್ಕೆ 40 ಅಡಿ ಎತ್ತರದ 12 ಕಂಬ, ನಡುವಿನ ಗುಮ್ಮಟದ ಅಡ್ಡಳತೆ 60 ಅಡಿ, ಅದರ ಮೇಲೆ ನಾಲ್ಕು ಸಿಂಹ. ಸುತ್ತಮುತ್ತಲಿನ ಗ್ರಾನೈಟ್ ಜೊತೆಗೆ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು. ಸುಮಾರು 5,000 ಮಂದಿ ದುಡಿದರು, ಅವರಲ್ಲಿ ಜೈಲಿನ ಕೈದಿಗಳೂ ಇದ್ದರು. ಖರ್ಚು 1.8 ಕೋಟಿ ರೂಪಾಯಿ ಮುಟ್ಟಿತು. ದುಂದುವೆಚ್ಚ ಎಂದು ದೊಡ್ಡ ಗದ್ದಲವೆದ್ದಿತು. ಕೆಂಗಲ್ 1956ರ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟರು. ಹೊಸ ಸಭಾಂಗಣದಲ್ಲಿ ವಿಧಾನಸಭೆ ಮೊದಲು ಸೇರಿದ್ದು ಡಿಸೆಂಬರ್ 19ರಂದು. ಕಟ್ಟಿಸಿದವರಿಗೆ ಅಲ್ಲಿಂದ ರಾಜ್ಯವಾಳುವ ಭಾಗ್ಯ ಸಿಗಲಿಲ್ಲ. ಇದು ಈಗಲೂ ಮನಸ್ಸಿಗೆ ಚುಚ್ಚುವ ಸಂಗತಿ.

ಅಠಾರಾ ಕಚೇರಿ ಹೈಕೋರ್ಟಿನ ಪಾಲಾಯಿತು. 1980ರ ದಶಕದ ಆರಂಭದಲ್ಲಿ ಅದನ್ನು ಕೆಡವುವ ಮಾತು ಬಂದಾಗ ವಿಚಾರಣೆ ನಡೆದದ್ದು ಅದೇ ಗೋಡೆಗಳೊಳಗೆ. ಪುಣ್ಯಕ್ಕೆ ಕಟ್ಟಡ ಉಳಿಯಿತು.

ರಾಜ್ಯ ಹಿಗ್ಗಿದಂತೆ ಸೌಧವೂ ಸಾಲದಾಯಿತು. ಮೊದಲು ಬಹುಮಹಡಿ ಕಟ್ಟಡ, 2005ರಲ್ಲಿ ಸೌಧದ್ದೇ ಹೋಲಿಕೆಯ ವಿಕಾಸಸೌಧ ಬಂದವು. ಕೆಲಸಕ್ಕೆಂದು ಬರುವವರು ಎಡವುವುದು ಇಲ್ಲೇ. ಸಚಿವರ ಕೊಠಡಿ ಒಂದು ಕಟ್ಟಡದಲ್ಲಿ, ಕಡತವಿರುವ ಶಾಖೆ ಇನ್ನೊಂದರಲ್ಲಿ ಇರುವುದುಂಟು. ಪಾಸ್ ಮಾಡಿಸುವ ಮೊದಲೇ ಯಾವ ಕಟ್ಟಡ, ಯಾವ ಮಹಡಿ ಎಂದು ವಿಚಾರಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ. ಗುರುತಿನ ಚೀಟಿ ಜೇಬಿನಲ್ಲಿರಲಿ. ನೇರಳೆ ಮಾರ್ಗದ ಮೆಟ್ರೊ ಸೌಧದ ಪಕ್ಕಕ್ಕೇ ತಂದು ಬಿಡುತ್ತದೆ.

ಮುಖಮಂಟಪದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ಅದರ ಕೆಳಗೆ 200 ಅಡಿಗೂ ಅಗಲವಾದ, 45ರಷ್ಟು ಮೆಟ್ಟಿಲುಗಳ ಸಾಲು. ಜಾತ್ರೆಯ ಜನವೇ ಒಟ್ಟಿಗೆ ಹತ್ತಬಹುದಾದಷ್ಟು ವಿಶಾಲ. ಆದರೆ ಅರ್ಜಿ ಹಿಡಿದು ಬಂದವರು ಹೋಗುವುದು ಪಾಸ್ ತೋರಿಸಿ, ಪಕ್ಕದ ಬಾಗಿಲುಗಳಿಂದ. ಮುಂಭಾಗಕ್ಕೆ ಜನ ಸೇರುವುದು 2018ರ ಮುಖ್ಯಮಂತ್ರಿ ಪ್ರಮಾಣವಚನದಂಥ ಸಮಾರಂಭಗಳಿಗೆ.

ಪ್ರತಿಭಟನೆಗಳಿಗಂತೂ ಈ ರಸ್ತೆ ಮುಚ್ಚಿದೆ. ಸಂಚಾರ ಕಟ್ಟಿಹೋಗುತ್ತದೆಂಬ ಕಾರಣಕ್ಕೆ 2021ರ ಪೊಲೀಸ್ ಆದೇಶ ಧರಣಿ, ಮೆರವಣಿಗೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಅದು ಹಳೆಯ ಕೇಂದ್ರ ಕಾರಾಗೃಹದ ಜಾಗ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ ಬಂಧನದಲ್ಲಿದ್ದದ್ದು ಅಲ್ಲೇ. ಮನವಿ ಪತ್ರ ಪಡೆಯಲು ಈಗ ಸಚಿವರೋ ಅಧಿಕಾರಿಯೋ ಅಲ್ಲಿಗೆ ಹೋಗುತ್ತಾರೆ. ಅವರು ಬರುವವರೆಗೆ ಆಶಾ ಕಾರ್ಯಕರ್ತೆಯರು, ರೈತರು ರಾತ್ರಿಯನ್ನೂ ಅಲ್ಲೇ ಕಳೆಯುತ್ತಾರೆ.