ನೀರಿಗೆ ಬಿದ್ದ ಕಾರಿನ ಬಾಗಿಲು ತೆರೆಯದಿರಲು ಸೆಂಟ್ರಲ್ ಲಾಕ್ ಕಾರಣವೇ?

ಓದುಗರ ಪ್ರಶ್ನೆ: ಸರ್, ಕಾರು ನಾಲೆಗೋ ಕೆರೆಗೋ ಬಿದ್ದರೆ ಸೆಂಟ್ರಲ್ ಲಾಕ್ ಶಾರ್ಟ್ ಆಗಿ ಬಾಗಿಲು ತೆರೆಯೋದಿಲ್ಲವಂತೆ. ನಮ್ಮ ಕಾರಿನಲ್ಲಿ ಅದನ್ನು ತೆಗೆಸಿಬಿಡೋದು ಒಳ್ಳೆಯದಲ್ವಾ?

ಮಳೆಗಾಲ ಶುರುವಾದರೆ ಈ ಪ್ರಶ್ನೆಯೂ ಶುರುವಾಗುತ್ತದೆ. ಕಾರು ನೀರಿಗೆ ಬಿದ್ದ ಸುದ್ದಿ ಬಂದ ಮಾರನೇ ದಿನವಂತೂ ತಪ್ಪುವುದೇ ಇಲ್ಲ. ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಬರೆದೂ ಇದ್ದೇನೆ. ಹೇಳಿದ್ದನ್ನೇ ಹೇಳಿ ಬೇಸರ ಬಂದಿರುವುದು ನಿಜ. ಆದರೆ ಈ ತಪ್ಪು ತಿಳುವಳಿಕೆ ಜೀವ ತೆಗೆಯುವಂಥದ್ದು. ಅದಕ್ಕೇ ಮತ್ತೊಮ್ಮೆ, ಈ ಸಲ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಬಾಗಿಲನ್ನು ಹಿಡಿದಿಡುವುದು ಹೊರಗಿನ ನೀರಿನ ಒತ್ತಡ. ಲಾಕ್ ತೆಗೆಸಿದರೂ ಬಾಗಿಲು ತೆರೆಯುವುದಿಲ್ಲ. ಆ ದುಡ್ಡು ಖರ್ಚು ಮಾಡಬೇಡಿ.

ಮೊದಲು ಬಾಗಿಲು ಹೇಗೆ ಕೆಲಸ ಮಾಡುತ್ತದೆ ನೋಡೋಣ. ಬಾಗಿಲಿನ ಅಂಚಿನಲ್ಲಿ ಒಂದು ಲ್ಯಾಚ್ ಇದೆ. ಎದುರಿನ ಕಂಬದಲ್ಲಿ ಸ್ಟ್ರೈಕರ್ ಎಂಬ ಉಕ್ಕಿನ ಬಳೆ ಇದೆ. ಲ್ಯಾಚ್ ಹೋಗಿ ಬಳೆಯನ್ನು ಕಚ್ಚಿಕೊಳ್ಳುತ್ತದೆ. ಒಳಗಿನ ಹ್ಯಾಂಡಲ್ ಎಳೆದರೆ ಒಂದು ಕೇಬಲ್ ಅಥವಾ ಸಣ್ಣ ಸರಳು ಆ ಕಚ್ಚನ್ನು ಬಿಡಿಸುತ್ತದೆ. ಸಾಮಾನ್ಯ ಕಾರುಗಳಲ್ಲಿ ಈ ಕೆಲಸಕ್ಕೆ ಕರೆಂಟ್ ಬೇಕೇ ಇಲ್ಲ. ಸೆಂಟ್ರಲ್ ಲಾಕ್ ಮಾಡುವ ಕೆಲಸ ಬೇರೆ. ನೀವು ಬೆರಳಿನಿಂದ ಒತ್ತುವ ನಾಬನ್ನು ಒಂದು ಪುಟ್ಟ ಮೋಟಾರ್ ಒತ್ತುತ್ತದೆ, ಎತ್ತುತ್ತದೆ. ಮೋಟಾರ್ ಸುಟ್ಟುಹೋದರೂ ನಾಬನ್ನು ಕೈಯಲ್ಲಿ ಎತ್ತಬಹುದು. ಎಷ್ಟೋ ಕಾರುಗಳಲ್ಲಿ ಹ್ಯಾಂಡಲ್ಲನ್ನು ಒಮ್ಮೆಯೋ ಎರಡು ಸಲವೋ ಎಳೆದರೆ ಮುಂದಿನ ಬಾಗಿಲಿನ ಲಾಕ್ ತಾನಾಗಿಯೇ ಬಿಡುತ್ತದೆ. ಇವತ್ತೇ ಸಂಜೆ ಕಾರು ಆಫ್ ಮಾಡಿ, ಒಳಗಿಂದ ಲಾಕ್ ಮಾಡಿ, ಪರೀಕ್ಷೆ ಮಾಡಿ ನೋಡಿ. ನಿಮ್ಮ ಕಾರಿನಲ್ಲಿ ಹೇಗೆ ಎಂಬುದು ನಿಮ್ಮ ಕೈಗೆ ಗೊತ್ತಿರಬೇಕು.

ಇನ್ನು ಶಾರ್ಟ್ ಆಗುವ ಮಾತು. ಕಾರಿನ ಬ್ಯಾಟರಿ 12 ವೋಲ್ಟಿನದು. ಸಿಹಿನೀರಿನಲ್ಲಿ ಇಷ್ಟು ಕಡಿಮೆ ವೋಲ್ಟೇಜಿನ ಸರ್ಕ್ಯೂಟ್ ನೀರು ತಾಗಿದ ಕೂಡಲೇ ಸಾಯುವುದಿಲ್ಲ. ಮುಳುಗಿದ ಕಾರಿನ ಹೆಡ್‌ಲೈಟ್ ನೀರಿನೊಳಗೂ ಸ್ವಲ್ಪ ಹೊತ್ತು ಉರಿಯುವುದುಂಟು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಕಾರುಗಳನ್ನು ನಿಜವಾಗಿಯೂ ನೀರಿಗಿಳಿಸಿ, ಒಳಗೆ ಜನರನ್ನು ಕೂರಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡಿದವರು. ಕಾರು ತೇಲುತ್ತಿರುವ ಹೊತ್ತಿನಲ್ಲಿ ಪವರ್ ವಿಂಡೋ ಕೆಲಸ ಮಾಡುತ್ತದೆ ಎಂಬುದು ಅವರ ಪರೀಕ್ಷೆಗಳಲ್ಲಿ ಕಂಡ ಸಂಗತಿ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಹೇಳಿದರೂ ಒಪ್ಪದವರಿಗೆ ನಾನು ಹಳೇ ಕಾರುಗಳನ್ನು ನೆನಪಿಸುತ್ತೇನೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ರಸ್ತೆಗಿಳಿದ ಮಾರುತಿ 800. ನಾವು ಕಂಡ ಆ ಕಾಲದ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಎಲ್ಲಿತ್ತು? ಪ್ರತಿ ಬಾಗಿಲಿಗೂ ಕೈಯಲ್ಲಿ ಒತ್ತುವ ನಾಬು, ಕೈಯಲ್ಲಿ ತಿರುಗಿಸುವ ಗಾಜು. ಅಂಥ ಕಾರು ನೀರಿಗೆ ಬಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ. ಇಲ್ಲದ ಲಾಕ್ ಜಾಮ್ ಆಗುವುದಾದರೂ ಹೇಗೆ?

ಈಗ ಲೆಕ್ಕ. ಹೈಸ್ಕೂಲಿನ ಭೌತಶಾಸ್ತ್ರ ಸಾಕು. ನನ್ನ ಮಕ್ಕಳು ಇದನ್ನು ಬೋರ್ಡಿನ ಮೇಲೆ ಸಲೀಸಾಗಿ ಬಿಡಿಸುತ್ತಾರೆ, ಅದು ನನಗೆ ಹೆಮ್ಮೆ. ಬಾಗಿಲಿನ ಅಗಲ 1 ಮೀಟರ್ ಎಂದುಕೊಳ್ಳಿ. ಹೊರಗೆ ನೀರು ಬಾಗಿಲಿನ ತಳದಿಂದ ಅರ್ಧ ಮೀಟರ್ ಮೇಲೆ ಬಂದಿದೆ, ಒಳಗೆ ಇನ್ನೂ ಬಂದಿಲ್ಲ. ಅರ್ಧ ಮೀಟರ್ ಆಳದಲ್ಲಿ ನೀರಿನ ಒತ್ತಡ ಚದರ ಮೀಟರಿಗೆ 500 ಕೆ.ಜಿ. ತೂಕದಷ್ಟು. ಮೇಲ್ಮಟ್ಟದಲ್ಲಿ ಸೊನ್ನೆ. ಸರಾಸರಿ 250. ನೀರು ತಾಗಿದ ಜಾಗ ಅರ್ಧ ಚದರ ಮೀಟರ್. ಗುಣಿಸಿದರೆ 125 ಕೆ.ಜಿ. ಅಂದರೆ 25 ಕೆ.ಜಿ.ಯ ಐದು ಅಕ್ಕಿ ಮೂಟೆಗಳ ಭಾರ ನಿಮ್ಮ ಬಾಗಿಲಿಗೆ ಹೊರಗಿನಿಂದ ಒರಗಿದೆ.

ನೀರು 1 ಮೀಟರಿಗೆ ಏರಿದರೆ? ಎರಡರಷ್ಟು, 250 ಕೆ.ಜಿ., ಎನ್ನುವವರೇ ಜಾಸ್ತಿ. ಉತ್ತರ 500 ಕೆ.ಜಿ. ಆಳ ಹೆಚ್ಚಿದಂತೆ ಒತ್ತಡವೂ ಹೆಚ್ಚುತ್ತದೆ, ನೀರು ತಾಗುವ ಜಾಗವೂ ಹೆಚ್ಚುತ್ತದೆ. ಹಾಗಾಗಿ ನೀರು ಎರಡರಷ್ಟು ಏರಿದರೆ ಭಾರ ನಾಲ್ಕರಷ್ಟು. ಬಾಗಿಲಿನ ಹಿಂಜ್ ಮುಂದಿದೆ, ನೀವು ಹಿಂದಿನ ಅಂಚಿನ ಹತ್ತಿರ ತಳ್ಳುತ್ತೀರಿ, ಅದರಿಂದ ಅರ್ಧ ಬಲ ಸಾಕು ಎನ್ನಬಹುದು. ಸರಿ, ಆದರೂ 250 ಕೆ.ಜಿ. ಉಳಿಯಿತು. ಸೀಟಿನಲ್ಲಿ ಕೂತು, ಪಕ್ಕಕ್ಕೆ ತಿರುಗಿ, ಭುಜದಿಂದ ಅಷ್ಟು ತಳ್ಳುವ ಮನುಷ್ಯ ಇಲ್ಲ. ಲಾಕ್ ಹಾಕಿದ್ದರೂ ಅಷ್ಟೇ, ತೆಗೆದಿದ್ದರೂ ಅಷ್ಟೇ.

ಹಾಗಾದರೆ ಈ ನಂಬಿಕೆ ಬಂದದ್ದೆಲ್ಲಿಂದ? ಈಗಿನ ಅನೇಕ ಕಾರುಗಳು ಸ್ವಲ್ಪ ವೇಗ ಹಿಡಿದ ಕೂಡಲೇ ಟಕ್ ಎಂದು ತಾವೇ ಲಾಕ್ ಆಗುತ್ತವೆ. ಕ್ರೇನಿನಿಂದ ಕಾರು ಮೇಲೆತ್ತಿದಾಗ ಲಾಕ್ ಹಾಗೇ ಇರುತ್ತದೆ. ದಡದಲ್ಲಿ ನಿಂತವರು ‘ಲಾಕ್ ಆಗಿಬಿಟ್ಟಿತ್ತು’ ಎನ್ನುತ್ತಾರೆ. ಅದೇ ಮಾತು ಊರೆಲ್ಲ ಹಬ್ಬುತ್ತದೆ. ಇದನ್ನು ನಂಬಿದವರು ನೀರಿಗೆ ಬಿದ್ದಾಗ ಮಾಡುವುದೇನು? ಅನ್‌ಲಾಕ್ ಬಟನ್ ಒತ್ತುತ್ತಾರೆ, ನಾಬ್ ಹುಡುಕುತ್ತಾರೆ, ಹ್ಯಾಂಡಲ್ ಎಳೆಯುತ್ತಾರೆ, ಮತ್ತೆ ಬಟನ್ ಒತ್ತುತ್ತಾರೆ. ಬದುಕಲು ಇದ್ದ ಒಂದು ನಿಮಿಷ ಅಲ್ಲೇ ಕಳೆದುಹೋಗುತ್ತದೆ. ನನಗೆ ಸಂಕಟವಾಗುವುದು ಇದಕ್ಕೇ.

ಲಾಕ್‌ನಿಂದಲೇ ತೊಂದರೆಯಾಗುವ ಸಂದರ್ಭಗಳೂ ಇವೆ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹ್ಯಾಂಡಲ್ ಎಷ್ಟು ಎಳೆದರೂ ತೆರೆಯುವುದಿಲ್ಲ. ಕೆಲವು ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ ಬಾಗಿಲು ಬಿಡಿಸುವುದೇ ಕರೆಂಟಿನ ಬಟನ್. ಅಂಥ ಕಾರು ಇದ್ದರೆ ಕೈಯಲ್ಲಿ ಎಳೆಯುವ ಇನ್ನೊಂದು ಹಿಡಿ ಎಲ್ಲಿದೆ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ, ಮನೆಯವರಿಗೆಲ್ಲ ತೋರಿಸಿ.

ಹಾಗಾದರೆ ಮಾಡಬೇಕಾದ್ದೇನು? ನೀರಿಗೆ ಬಿದ್ದ ಕಾರು ತಕ್ಷಣ ಮುಳುಗುವುದಿಲ್ಲ. ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತೇಲುತ್ತದೆ. ಮೊದಲ ನಿಮಿಷವೇ ಮುಖ್ಯ. ಫೋನ್ ಮುಟ್ಟಬೇಡಿ. ಸೀಟ್ ಬೆಲ್ಟ್ ಬಿಚ್ಚಿ, ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಹಿಂದೆಯೇ ನೀವೂ ಹೊರಬನ್ನಿ. ಗೀಸ್‌ಬ್ರೆಕ್ಟ್ ಅವರು ಹೇಳಿಕೊಡುವ ಕ್ರಮ ಇದೇ. ಬಾಗಿಲಿನ ಕಡೆ ಕೈ ಹೋಗಲೇಬಾರದು. ಅಕಸ್ಮಾತ್ ಅದು ತೆರೆದರೂ ನೀರು ಒಮ್ಮೆಗೇ ನುಗ್ಗಿ ಕಾರು ಬೇಗ ಮುಳುಗುತ್ತದೆ, ಒಳಗೆ ಉಳಿದವರಿಗೆ ಸಮಯವೇ ಇರುವುದಿಲ್ಲ. ನೀರು ಗಾಜಿನ ಮಟ್ಟಕ್ಕೆ ಬಂದರೆ ಗಾಜನ್ನೂ ಅದೇ ಒತ್ತಡ ಅದುಮುತ್ತದೆ. ಆಮೇಲೆ ಇಳಿಸುವುದು ಕಷ್ಟ. ಅದಕ್ಕೇ ತಡಮಾಡಬಾರದು.

ಗಾಜು ಇಳಿಯದಿದ್ದರೆ ಪಕ್ಕದ ಗಾಜನ್ನು ಮೂಲೆಯಲ್ಲಿ ಒಡೆಯಿರಿ. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ. ಅದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಹೀಗೇ ಇರುತ್ತದೆ. ಗಾಜಿನ ಮೂಲೆಯ ಗುರುತು ಓದಿದರೆ ಗೊತ್ತಾಗುತ್ತದೆ. ಗಾಜು ಒಡೆಯಲೆಂದೇ ಇರುವ, ಸ್ಪ್ರಿಂಗ್ ಇರುವ ಸಣ್ಣ ಪಂಚ್ ಒಂದನ್ನು ಡ್ರೈವರ್ ಕೈಗೆ ಸಿಗುವಂತೆ ಇಡಿ. ಡಿಕ್ಕಿಯಲ್ಲಿಟ್ಟರೆ ಉಪಯೋಗವಿಲ್ಲ. ಹೆಡ್‌ರೆಸ್ಟನ್ನು ಗಾಜು ಒಡೆಯಲೆಂದೇ ಬಿಚ್ಚುವ ಹಾಗೆ ಮಾಡಿದ್ದಾರೆ ಎಂಬ ವಾಟ್ಸಾಪ್ ಸಂದೇಶವನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಆ ಸರಳುಗಳು ಎತ್ತರ ಹೊಂದಿಸಲು ಇರುವಂಥವು.

‘ಒಳಗೆ ಪೂರ್ತಿ ನೀರು ತುಂಬಿದರೆ ಒತ್ತಡ ಸಮವಾಗಿ ಬಾಗಿಲು ತೆರೆಯುತ್ತದಲ್ವಾ, ಅಲ್ಲಿವರೆಗೆ ಕಾಯಬಹುದಲ್ವಾ’ ಎಂದೂ ಕೇಳುತ್ತಾರೆ. ಲೆಕ್ಕ ಸರಿ, ಸಲಹೆ ತಪ್ಪು. ಒತ್ತಡ ಸಮವಾಗುವ ಹೊತ್ತಿಗೆ ನೀರು ನಿಮ್ಮ ತಲೆಯ ಮೇಲಿರುತ್ತದೆ. ಎಂಜಿನ್ ಭಾರಕ್ಕೆ ಕಾರು ಮೂತಿ ಕೆಳಗೆ ಮಾಡಿರುತ್ತದೆ, ಕೆಸರು ನೀರಿನಲ್ಲಿ ಕಣ್ಣು ಕಾಣುವುದಿಲ್ಲ, ಕಾರು ಮಗುಚಿದ್ದರೆ ಹ್ಯಾಂಡಲ್ ಯಾವ ಕಡೆ ಎಂದೇ ತಿಳಿಯುವುದಿಲ್ಲ. ಗಾಜು ಇಳಿಸಲೂ ಆಗಲಿಲ್ಲ, ಒಡೆಯಲೂ ಆಗಲಿಲ್ಲ ಎಂದಾಗ ಉಳಿಯುವ ಕೊನೆಯ ಪ್ರಯತ್ನ ಅದು. ಅದನ್ನು ನಂಬಿ ಕಾಯಬಾರದು.

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿ ತೀರಿಕೊಂಡರು. ಅದೇ ವರ್ಷ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಗೆ ಕಾರುಗಳು ಬಿದ್ದು ಜನ ಸತ್ತರು. ನಾಲೆಗೆ ಬೀಳುವುದು ಅಪಘಾತ. ನೀರು ನಿಂತ ಅಂಡರ್‌ಪಾಸ್‌ಗೆ ಇಳಿಯಬೇಕೋ ಬೇಡವೋ ಎಂಬುದು ಎಷ್ಟೋ ಸಲ ನಮ್ಮ ಕೈಯಲ್ಲಿರುತ್ತದೆ. 1,000 ಕೆ.ಜಿ.ಯ ಕಾರಿನ ತಳ ಸುಮಾರು 5 ಚದರ ಮೀಟರ್. ನೀರು ತಳಕ್ಕಿಂತ 20 ಸೆಂ.ಮೀ. ಮೇಲೆ ಬಂದರೆ ಕಾರು ಪಕ್ಕಕ್ಕೆ ಸರಿಸುವ ನೀರಿನ ತೂಕವೂ 1,000 ಕೆ.ಜಿ. ಆಗುತ್ತದೆ, ಕಾರು ತೇಲಲು ಅಷ್ಟು ಸಾಕು. ನೆಲದಿಂದ ತಳದವರೆಗಿನ ಎತ್ತರವನ್ನೂ ಸೇರಿಸಿ. ಒಟ್ಟು ಮೊಣಕಾಲು ಮಟ್ಟದ ನೀರು, ಅಷ್ಟೇ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಲಿಲ್ಲ, ಆದರೆ ದಿನಾ ನಡೆಯುವುದು ಇದೇ. ಮೂರು ಬಾಗಿಲು ಹಾಕಿ, ಗಾಜೆಲ್ಲ ಏರಿಸಿ, ನಾಲ್ಕನೆಯದನ್ನು ತಳ್ಳಿದರೆ ಅದು ಅರ್ಧ ಕಚ್ಚಿ ನಿಲ್ಲುತ್ತದೆ. ಮತ್ತೆ ತೆಗೆದು ಜೋರಾಗಿ ಬಡಿಯಬೇಕು. ಇಲ್ಲೂ ಒತ್ತಡವೇ ಕಾರಣ, ಆದರೆ ಒಳಗಿನ ಗಾಳಿಯದು. ಮುಚ್ಚುವ ಬಾಗಿಲು ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಆ ಗಾಳಿ ಬಾಗಿಲನ್ನು ವಾಪಸ್ ತಳ್ಳುತ್ತದೆ. ಒತ್ತಡ ಸ್ವಲ್ಪವೇ, ಆದರೆ ಬಾಗಿಲು ದೊಡ್ಡದು. ಅದಕ್ಕೆಂದೇ ಬಹುತೇಕ ಕಾರುಗಳಲ್ಲಿ ಹಿಂದಿನ ಬಂಪರಿನ ಒಳಗಡೆ ಗಾಳಿಕಿಂಡಿ ಇರುತ್ತದೆ, ಅದಕ್ಕೆ ರಬ್ಬರಿನ ಪುಟ್ಟ ರೆಕ್ಕೆಗಳು. ಅದು ಕಟ್ಟಿಕೊಂಡರೆ ಬಾಗಿಲು ಬಿಗಿಯಾಗುತ್ತದೆ.

ಪರೀಕ್ಷೆ ಸುಲಭ. ಒಂದು ಗಾಜನ್ನು ಎರಡು ಬೆರಳಷ್ಟು ಇಳಿಸಿ ಬಾಗಿಲು ಹಾಕಿ. ಸಲೀಸಾಗಿ ಬಿದ್ದರೆ ಗಾಳಿಯದೇ ಕಾಟ. ಬಂಪರ್ ರಿಪೇರಿ ಆದ ಮೇಲೆ ಶುರುವಾಗಿದ್ದರೆ ಆ ಕಿಂಡಿ ನೋಡಲು ಮೆಕ್ಯಾನಿಕ್‌ಗೆ ಹೇಳಿ. ಗಾಜು ಇಳಿಸಿದರೂ ಹಾಗೇ ಇದ್ದರೆ ರಬ್ಬರ್ ಬೀಡಿಂಗ್ ನೋಡಿ. ಸದ್ದು ಕಮ್ಮಿಯಾಗಲಿ ಎಂದು ಅಂಗಡಿಯಲ್ಲಿ ಇನ್ನೊಂದು ಸುತ್ತು ಬೀಡಿಂಗ್ ಅಂಟಿಸಿದ್ದರೆ ಅದೇ ಕಾರಣ ಇರಬಹುದು. ಅದೂ ಇಲ್ಲದಿದ್ದರೆ ಬಾಗಿಲು ತೆರೆದು ಹಿಂದಿನ ಅಂಚನ್ನು ಮೇಲಕ್ಕೆತ್ತಿ ನೋಡಿ. ಲಟಲಟ ಎಂದು ಆಡಿದರೆ ಹಿಂಜ್ ಸವೆದು ಬಾಗಿಲು ಜೋತಿದೆ, ಲ್ಯಾಚ್ ಬಳೆಗೆ ನೇರ ಕೂರುತ್ತಿಲ್ಲ. ಅಂಥ ಬಾಗಿಲಿಗೆ ಸುಮ್ನೆ ಎಣ್ಣೆ ಬಿಡಬೇಡಿ. ಹಿಂಜ್ ಸರಿಮಾಡಿಸಿ, ಆಮೇಲೆ ಸ್ಟ್ರೈಕರ್ ಹೊಂದಿಸಲು ಹೇಳಿ.