ಎರಡನೇ ಟ್ರಾಲಿ ಕಟ್ಟುವ ಮೊದಲು

ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದರೆ ಭಾಲ್ಕಿ, ಹುಮನಾಬಾದ್ ಕಡೆಯ ಗ್ಯಾರೇಜುಗಳಿಗೆ ಬಿಡುವಿರುವುದಿಲ್ಲ. ಒಂದು ಟ್ರಾಲಿ ಎಳೆಯುತ್ತಿದ್ದ ಟ್ರ್ಯಾಕ್ಟರಿಗೆ ಎರಡನೆಯದನ್ನೂ ಕಟ್ಟುವ ಆಸೆ. ಮಾಲೀಕರ ಮೊದಲ ಬೇಡಿಕೆ: ‘ಡೀಸೆಲ್ ಪಂಪ್ ಸ್ವಲ್ಪ ಏರಿಸಿ ಕೊಡ್ರಿ.’ ಪಂಪಿನ ಸ್ಕ್ರೂ ತಿರುವಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ನಿಜ. ಅದನ್ನು ಉರಿಸಲು ಬೇಕಾದ ಗಾಳಿ ಎಲ್ಲಿಂದ ಬರಬೇಕು? ಅರೆಬರೆ ಉರಿದದ್ದು ಕರಿ ಹೊಗೆಯಾಗುತ್ತದೆ, ಪಿಸ್ಟನ್ನು, ವಾಲ್ವು ವಿಪರೀತ ಕಾಯುತ್ತವೆ.

ಅಸಲಿಗೆ ಕೊರತೆ ಇರುವುದು ಎಂಜಿನ್ನಿನಲ್ಲಲ್ಲ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ 20 ಟನ್ ಭಾರವನ್ನು ಉರುಳಿಸಿಕೊಂಡು ಹೋಗಲು ಅದರ ಶೇ 2ರಷ್ಟು, ಅಂದರೆ ಸುಮಾರು 400 ಕಿಲೋ ತೂಕದಷ್ಟು ಎಳೆತ ಸಾಕು. ಗಂಟೆಗೆ 20 ಕಿ.ಮೀ. ವೇಗಕ್ಕೆ ಇದು 30 ಎಚ್‌ಪಿ ಕೆಲಸ. 100 ಮೀಟರಿಗೆ 5 ಮೀಟರ್ ಏರುವ ದಿಣ್ಣೆ ಬಂದರೆ ಇನ್ನೂ 1 ಟನ್ ಎಳೆತ ಬೇಕು. 50 ಎಚ್‌ಪಿ ಗಾಡಿ ಗೇರ್ ಇಳಿಸಿ, ನಡಿಗೆಗಿಂತ ತುಸು ಜೋರಾಗಿ ಅದನ್ನೂ ಹತ್ತೀತು.

ಅಲ್ಲಿ ಕೈಕೊಡುವುದು ಚಕ್ರದ ಹಿಡಿತ, ಅದರಲ್ಲೂ ಹಸಿ ಎರೆ ನೆಲದಲ್ಲಿ. ಭಾರ ಹಿಂದಕ್ಕೆ ಜಗ್ಗಿದಾಗ ಮುಂಚಕ್ರ ಹಗುರಾಗಿ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಹುಕ್ ಎತ್ತರದಲ್ಲಿದ್ದಷ್ಟೂ ಹೆಚ್ಚು. ನಮ್ಮವರು ಹಿಂದಿನ ಟೈರಿಗೆ ನೀರು ತುಂಬಿಸಿ, ಮುಂದೆ ಕಬ್ಬಿಣದ ತೂಕ ಕೂರಿಸುವುದು ಇದಕ್ಕೇ. ಈ ಉಪಾಯದಲ್ಲಿ ನನಗೆ ತಕರಾರಿಲ್ಲ.

ತಕರಾರಿರುವುದು ಇಳಿಜಾರಿನಲ್ಲಿ. ಬೀದರ್ ಇರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಲ್ಲಿಂದ ಮಾಂಜ್ರಾ ಬಯಲಿಗೆ ಇಳಿಯಲೇಬೇಕು. 20 ಟನ್ ಭಾರ 50 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 30 ಲೀಟರ್ ನೀರನ್ನು ಕುದಿಗೆ ತರಬಲ್ಲದು. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಬಹುಪಾಲು ಟ್ರ್ಯಾಕ್ಟರಿನ ಎರಡು ಹಿಂಚಕ್ರಗಳ ಪಾಲಿಗೆ. ಅವುಗಳ ಮೇಲಿರುವ ತೂಕವೋ ಒಂದೂವರೆ ಟನ್ನಿನ ಆಸುಪಾಸು. ಒಣ ಡಾಂಬರಿನಲ್ಲೂ ಅವು ಕೊಡಬಲ್ಲ ತಡೆ 1 ಟನ್. ಅದೇ ಶೇ 5ರ ಇಳಿಜಾರಿನಲ್ಲಿ ಹಿಂದಿನ ಭಾರ ನೂಕುವ ಬಲವೂ 1 ಟನ್! ಪೆಡಲನ್ನು ಪೂರ್ತಿ ತುಳಿದರೂ ಗಾಡಿ ನಿಂತೀತೆಂಬ ಭರವಸೆಯಿಲ್ಲ. ಸಮತಟ್ಟಿನಲ್ಲೇ 25 ಕಿ.ಮೀ. ವೇಗದಿಂದ ನಿಲ್ಲಲು 40 ಮೀಟರ್ ಬೇಕಾದೀತು. ಟ್ರಾಲಿಯ ಚಕ್ರಗಳೂ ಬ್ರೇಕ್ ಹಿಡಿದರೆ 10 ಮೀಟರಿಗೆ ನಿಲ್ಲುತ್ತದೆ.

ಹಾಗಾಗಿ ಎಳೆಯುವ ತಾಕತ್ತು ಏರಿಸುವವರು ಮೊದಲು ಖರ್ಚು ಮಾಡಬೇಕಾದದ್ದು ಟ್ರಾಲಿಯ ಬ್ರೇಕಿಗೆ. ಅದೂ ಟ್ರ್ಯಾಕ್ಟರಿನ ಬ್ರೇಕಿಗಿಂತ ಕೂದಲೆಳೆ ಮುಂಚೆ ಹಿಡಿಯಬೇಕು. ತಡವಾದರೆ ಹಿಂದಿನ ಭಾರ ಮುಂದಿನದನ್ನು ಅಡ್ಡ ತಿರುಗಿಸಿಬಿಡುತ್ತದೆ.

ಇನ್ನು ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಎಂಜಿನ್ ವೇಗ ನೋಡಿ ಡೀಸೆಲ್ ಅಳೆದು ಬಿಡುವ ಗವರ್ನರ್ ಅದನ್ನು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಪಂಪು ಡೀಸೆಲ್ ಕೊಡುತ್ತಲೇ ಇರಬೇಕು.